ಬಾಲಿಕೆಯರೂ ಒಂಟಿಕಾಲಿನ ಬಸ್ಕಿಯೂ

ನಮ್ಮ ಶಾಲೆಯ ವ್ಯಾಯಾಮದ ವೇಳೆಯಲ್ಲಿ ಬಾಲಿಕೆಯರು ಒಂದೇ ಕಾಲಿನ ಮೇಲೆ ನಿಂತು, ಮತ್ತೊಂದು ಕಾಲನ್ನು ಮುಂದಕ್ಕೆ ಚಾಚಿ, ಮೆಲ್ಲನೆ ಕುಳಿತು ಮೆಲ್ಲನೆ ಏಳುವುದನ್ನು ಕಂಡು ಕೆಲವು ಮಂದಿ ತಾಯ್ತಂದೆಗಳು ಬೆರಗಾಗಿರುವರು. ಕೆಲವರು ಅಸಮಾಧಾನವನ್ನೂ ಸೂಚಿಸಿರುವರು. ಇದು ಗರಡಿಯ ಹುಡುಗರ ಕಸರತ್ತಲ್ಲವೇ, ಹೆಣ್ಣುಮಕ್ಕಳಿಗೇತಕ್ಕೆ ಎಂಬುದು ಒಂದು ಪ್ರಶ್ನೆ. ಹತ್ತನೆಯ ತರಗತಿಯವರಿಗಾದರೂ ಈ ವೇಳೆಯನ್ನು ಗಣಿತಕ್ಕೆ ಬಿಟ್ಟುಕೊಡಬಾರದೇ ಎಂಬುದು ಮತ್ತೊಂದು. ಒಬ್ಬೊಬ್ಬರಿಗೂ ಬೇರೆಬೇರೆ ಕಾಗದ ಬರೆಯುವುದಕ್ಕಿಂತ ಈ ಸಂಚಿಕೆಯಲ್ಲಿಯೇ ನನ್ನ ಅಭಿಪ್ರಾಯವನ್ನು ತಿಳಿಸುವುದು ಯುಕ್ತವೆಂದು ತೋರಿತು.

ಬಸ್ಕಿಯೆಂಬ ಮಾತನ್ನು ಕೇಳಿದೊಡನೆ ನಮ್ಮಲ್ಲಿ ಬಹುಮಂದಿಗೆ ನೆನಪಿಗೆ ಬರುವುದು ಶಿಕ್ಷೆಯೇ. ಪಾಠ ಒಪ್ಪಿಸದವಳು ಕಿವಿ ಹಿಡಿದುಕೊಂಡು ಐವತ್ತು ಬಸ್ಕಿ ಹೊಡೆಯಬೇಕೆಂಬ ಪದ್ಧತಿಯು ಅನೇಕ ಶಾಲೆಗಳಲ್ಲಿ ಬಹುಕಾಲ ನಡೆದುಬಂದಿತು. 2009ರ ಶಿಕ್ಷಣ ಹಕ್ಕಿನ ಕಾಯಿದೆಯು ಇಂಥ ದೈಹಿಕ ಶಿಕ್ಷೆಯನ್ನು ನಿಷೇಧಿಸಿದ್ದು ಬಹಳ ಒಳ್ಳೆಯದಾಯಿತು. ಆದರೆ ಶಿಕ್ಷೆಯು ಹೋದ ಮೇಲೆಯೂ ಅದರ ಅವಮಾನವು ಆ ಸಾಧನೆಗೆ ಅಂಟಿಕೊಂಡೇ ಉಳಿದಿದೆ. ಪದ್ಯವನ್ನು ನೂರು ಸಲ ಬರೆಯಿಸಿ ಪದ್ಯದಲ್ಲಿಯೇ ಜುಗುಪ್ಸೆ ಹುಟ್ಟಿಸಿದಂತೆ, ಬಸ್ಕಿಯನ್ನು ದಂಡನೆಯಾಗಿ ಮಾಡಿ ಅದರಲ್ಲಿನ ಕಲೆಯನ್ನು ಮರೆಸಿಬಿಟ್ಟೆವು.

ಹೆಣ್ಣುಮಕ್ಕಳಿಗೆ ಇದು ಹೊಸತೆಂಬುದನ್ನಂತೂ ನಾನು ಒಪ್ಪಲಾರೆ. ಕುಂಟೆಬಿಲ್ಲೆಯನ್ನು ಆಡಿದವರಾರು? ಒಂದು ಕಾಲನ್ನು ಮಡಿಸಿಕೊಂಡು ಮನೆಯಿಂದ ಮನೆಗೆ ಕುಪ್ಪಳಿಸುತ್ತ, ಗೆರೆಯನ್ನು ತುಳಿಯದೆ, ಬಾಗಿ ಬಿಲ್ಲೆಯನ್ನೆತ್ತಿಕೊಂಡು ಬರುತ್ತಿದ್ದವರು ನಮ್ಮ ಬಾಲಿಕೆಯರೇ. ಮೈನೆರೆದ ಕೂಡಲೇ, ಇನ್ನು ಕುಣಿಯಬೇಡವೆಂದು ಹಿರಿಯರು ಅವರನ್ನು ಒಳಗೆ ಕರೆದರು. ಆದರೂ ಹಿಂದಿನ ಕಾಲದಲ್ಲಿ ಒಳಗೆ ಹೋದವಳಿಗೆ ಒನಕೆಯಿತ್ತು, ಬೀಸುವ ಕಲ್ಲಿತ್ತು, ಬಾವಿಯ ಹಗ್ಗವಿತ್ತು, ಕುಕ್ಕರಗಾಲಿನಲ್ಲಿ ಕುಳಿತು ಮಾಡುವ ಹತ್ತು ಕೆಲಸಗಳಿದ್ದವು. ಚಿತ್ರದುರ್ಗದ ಓಬವ್ವೆಯ ಕಥೆಯನ್ನು ನಾವೆಲ್ಲರೂ ಹೆಮ್ಮೆಯಿಂದ ಹೇಳುತ್ತೇವೆ. ಅವಳ ತೋಳಿಗೆ ಬಲ ಕೊಟ್ಟದ್ದು ದಿನವೂ ಭತ್ತ ಕುಟ್ಟಿದ ಅಭ್ಯಾಸವೇ ಇರಬೇಕೆಂದು ನಾನು ಎಣಿಸುತ್ತೇನೆ. ಆ ದುಡಿಮೆಯು ಮರಳಿ ಬರಲೆಂದು ನಾನು ಹಾರೈಸುವುದಿಲ್ಲ. ಅದರಲ್ಲಿ ಬೆನ್ನು ಮುರಿದುಕೊಂಡವರೂ ಬಹಳ. ಆದರೆ ಯಂತ್ರಗಳು ಬಂದು ದುಡಿಮೆಯನ್ನು ಕೊಂಡೊಯ್ದಾಗ ಬಲವನ್ನೂ ಜೊತೆಯಲ್ಲಿಯೇ ಕೊಂಡೊಯ್ದವು. ಆ ಸ್ಥಾನದಲ್ಲಿ ನಾವು ಮಗಳಿಗೆ ಕೊಟ್ಟಿರುವುದು ಕುರ್ಚಿ, ಶಾಲೆಯ ಬಸ್ಸು ಮತ್ತು ಮೊಬೈಲು.

ಹೆಣ್ಣಿನ ಎಲುಬುಗಳು ಗಟ್ಟಿಯಾಗುವ ಕಾಲವು ಬಹು ಚಿಕ್ಕದು. ಜೀವಮಾನದಲ್ಲಿ ಅವಳು ಗಳಿಸತಕ್ಕ ಎಲುಬಿನ ಸಾರದಲ್ಲಿ ನೂರಕ್ಕೆ ಸುಮಾರು 90 ಪಾಲು 18 ವರ್ಷದೊಳಗೆಯೇ ಸೇರಿರುವುದೆಂದು ವೈದ್ಯರು ಹೇಳುವರು. ಮುಟ್ಟು ನಿಂತ ಮೇಲೆ ಆ ಗಂಟು ಬೇಗಬೇಗನೆ ಕರಗುವುದು. ಎಲುಬಿಗೆ ಹಾಲು, ರಾಗಿಗಳಂತೆಯೇ ಹೊರೆಯೂ ಬೇಕು. ಭಾರ ಬಿದ್ದಲ್ಲಿಯೇ ಅದು ಗಟ್ಟಿಯಾಗುವುದು. ವಿಶ್ವ ಆರೋಗ್ಯ ಸಂಸ್ಥೆಯು 2020ರಲ್ಲಿ ಹೊರಡಿಸಿದ ಸೂಚನೆಗಳಲ್ಲಿ 5ರಿಂದ 17 ವರ್ಷದ ಮಕ್ಕಳಿಗೆ ದಿನಕ್ಕೆ ಸರಾಸರಿ 60 ನಿಮಿಷಗಳ ಚಟುವಟಿಕೆಯನ್ನಲ್ಲದೆ, ವಾರಕ್ಕೆ ಮೂರು ದಿನವಾದರೂ ಮಾಂಸಖಂಡಗಳಿಗೂ ಎಲುಬಿಗೂ ಬಲ ಕೊಡತಕ್ಕ ಸಾಧನೆಯನ್ನು ಹೇಳಿದೆ. ಇದರಲ್ಲಿ ಹುಡುಗ ಹುಡುಗಿಯೆಂಬ ಭೇದವಿಲ್ಲ.

ಬಲಸಾಧನೆಗಳು ಎಷ್ಟೋ ಇರಲು ಒಂಟಿಕಾಲಿನ ಬಸ್ಕಿಯೇ ಏಕೆಂದರೆ, ಅದಕ್ಕೆ ಕಾಸು ಬೇಡ. ಎರಡು ಕಾಲಿನ ಬಸ್ಕಿಯಲ್ಲಿ ಮೈಭಾರವು ಎರಡಕ್ಕೂ ಹಂಚಿಹೋಗುವುದು. ಒಂದರ ಮೇಲೆ ಬಂದಾಗ ಆ ಕಾಲಿನ ಹೊರೆ ಹೆಚ್ಚುಕಡಿಮೆ ಇಮ್ಮಡಿಯಾಗುವುದು. ಕಬ್ಬಿಣದ ಗುಂಡು ಕೊಳ್ಳಲು ಶಕ್ತಿಯಿಲ್ಲದ ಶಾಲೆಗೂ ಪ್ರತಿ ಬಾಲಿಕೆಯ ಮೈಯೇ ಅವಳಿಗೆ ತಕ್ಕ ಗುಂಡು. ಅಲ್ಲದೆ ನಾವು ನಡೆಯುವುದೂ, ಮೆಟ್ಟಲು ಹತ್ತುವುದೂ, ಜಾರಿದಾಗ ಸಾವರಿಸಿಕೊಳ್ಳುವುದೂ ಒಂದೊಂದೇ ಕಾಲಿನ ಮೇಲಲ್ಲವೇ?

ಆದರೆ ಇದನ್ನು ಮೊದಲ ದಿನವೇ ಮಾಡಲು ಹೊರಟವಳು ಹಿಂದಕ್ಕೆ ಬೀಳುವಳು, ಇಲ್ಲವೇ ಮಂಡಿಯನ್ನು ನೋಯಿಸಿಕೊಳ್ಳುವಳು. ನಮ್ಮ ವ್ಯಾಯಾಮದ ಉಪಾಧ್ಯಾಯಿನಿಯವರು ಅನುಸರಿಸುವ ಕ್ರಮವು ನನಗೆ ಬಹಳ ಮೆಚ್ಚಿಕೆಯಾದುದರಿಂದ ಅದನ್ನು ಸ್ವಲ್ಪ ವಿವರಿಸುವೆನು. ಮೊದಲು ಎರಡು ಕಾಲಿನ ಬಸ್ಕಿಯನ್ನು, ಹಿಮ್ಮಡಿ ನೆಲವನ್ನು ಬಿಡದಂತೆ, ಪೂರ್ತಿ ಕೆಳಗಿನವರೆಗೆ ಕಲಿಯತಕ್ಕದ್ದು. ಇದು ಬಂದ ಮೇಲೆ ಸುಮಾರು 18 ಅಂಗುಲ ಎತ್ತರದ ಇಟ್ಟಿಗೆಯ ಅಟ್ಟಿಯ ಮೇಲೆ ಹಲಗೆಯಿಟ್ಟು, ಒಂದೇ ಕಾಲಿನ ಬಲದಿಂದ ಅದರ ಮೇಲೆ ಕೂಡುವುದು, ಏಳುವುದು. ಧೊಪ್ಪೆಂದು ಕುಳಿತರೆ ಲೆಕ್ಕಕ್ಕಿಲ್ಲ. ಒಂದೊಂದು ಕಾಲಿನಲ್ಲಿ ಐದೈದರಂತೆ ಮೂರು ಸರದಿ ನಿರಾಯಾಸವಾಗಿ ಬಂದಾಗ ಒಂದು ವರಸೆ ಇಟ್ಟಿಗೆಯನ್ನು ತೆಗೆಯುವುದು. ಹೀಗೆ ವಾರಗಳು ಕಳೆದಂತೆ ಅಟ್ಟಿಯು ತಗ್ಗುತ್ತ ಹೋಗಿ, ಕಡೆಗೆ ನೆಲವೇ ಉಳಿಯುವುದು. ನಡುವೆ ಎಲ್ಲಿಯಾದರೂ ತಡೆಯಾದರೆ ಕಿಟಕಿಯ ಸರಳನ್ನು ಹಿಡಿದುಕೊಳ್ಳಬಹುದು. ಅಥವಾ ಒಂದು ಕಾಲಿನಿಂದ ನಿಧಾನವಾಗಿ ಇಳಿದು ಎರಡು ಕಾಲಿನಿಂದ ಏಳಬಹುದು, ಏಕೆಂದರೆ ಇಳಿಯುವ ಬಲವು ಏಳುವ ಬಲಕ್ಕಿಂತ ಮೊದಲು ಬರುವುದು. ಒಂದು ವಿಚಿತ್ರವನ್ನೂ ಹೇಳಬೇಕು: ಎರಡು ಪುಸ್ತಕಗಳನ್ನು ಕೈಯಲ್ಲಿ ಹಿಡಿದು ಮುಂದಕ್ಕೆ ಚಾಚಿದರೆ ಬಸ್ಕಿಯು ಕಷ್ಟವಾಗುವ ಬದಲು ಸುಲಭವಾಗುವುದು. ಹಿಂದಕ್ಕೆ ವಾಲುವ ಮೈಗೆ ಆ ಭಾರವು ತಕ್ಕಡಿಯ ಇನ್ನೊಂದು ತಟ್ಟೆಯಂತೆ ನಿಲ್ಲುವುದು. ಭೌತಶಾಸ್ತ್ರದ ಪಾಠವು ಹೀಗೆ ಅಂಗಳದಲ್ಲಿಯೂ ಆಗುವುದುಂಟು.

ಎಲ್ಲಕ್ಕೂ ಮುಖ್ಯವಾದುದು ಮಂಡಿಯ ದಿಕ್ಕು. ಅದು ಕಾಲ್ಬೆರಳುಗಳ ನೇರಕ್ಕೆ ಇರಬೇಕೇ ಹೊರತು ಒಳಕ್ಕೆ ವಾಲಬಾರದು. ಹೀಗೆ ವಾಲುವ ದೋಷವು ಬಾಲಿಕೆಯರಲ್ಲಿಯೇ ಹೆಚ್ಚು. ನೆಗೆದಾಡುವ ಆಟಗಳಲ್ಲಿ ಮಂಡಿಯೊಳಗಿನ ಕಟ್ಟು ಹರಿಯುವ ಅಪಾಯವೂ ಅವರಿಗೇ ಹೆಚ್ಚು. ಸೊಂಟ ತೊಡೆಗಳನ್ನು ಬಲಪಡಿಸಿ, ಸರಿಯಾಗಿ ನೆಲಕ್ಕಿಳಿಯುವುದನ್ನು ಕಲಿಸಿದರೆ ಆ ಅಪಾಯವು ಕಡಮೆಯಾಗುವುದು. ಮಂಡಿ ನೊಂದರೆ ಅಂದಿಗೆ ಅಲ್ಲಿಗೇ ನಿಲ್ಲಿಸತಕ್ಕದ್ದು. ದಿನಬಿಟ್ಟು ದಿನ ಮಾಡಿದರೆ ಸಾಕು. ಬಿಡುವಿನಲ್ಲಿಯೇ ಮಾಂಸಖಂಡವು ಬೆಳೆಯುವುದು. ಉದ್ದ ತೊಡೆಯವರಿಗೂ ಕಾಲಿನ ಹರಡು ಬಿಗಿಯಾಗಿರುವವರಿಗೂ ಇದು ನಿಧಾನವಾಗಿ ಒಲಿಯುವುದು. ವರ್ಷ ಕಳೆದರೂ ಕಡೆಯ ಇಟ್ಟಿಗೆಯನ್ನು ತೆಗೆಯಲಾರದವರುಂಟು, ಅವರನ್ನು ಸೋಮಾರಿಗಳೆನ್ನಲಾಗದು.

ಕಾಲುಗಳು ಗಂಡಸರಂತೆ ದಪ್ಪವಾದಾವೆಂದು ಅಂಜುವ ತಾಯಂದಿರಿಗೆ ಹೇಳುವುದೇನೆಂದರೆ, ಹೆಣ್ಣಿನ ದೇಹದ ರಸಗಳು ಅದಕ್ಕೆ ಎಡೆಗೊಡುವುದಿಲ್ಲ. ಮೊದಲ ವಾರಗಳಲ್ಲಿ ಹೆಚ್ಚುವ ಬಲವಂತೂ ಬಹುಮಟ್ಟಿಗೆ ನರಗಳು ಕಲಿತ ಪಾಠವೇ. ತಿಂಗಳ ದಿನಗಳಲ್ಲಿ ಮಾಡಬಾರದೆಂಬ ನಿಯಮವೂ ವೈದ್ಯಶಾಸ್ತ್ರದಲ್ಲಿಲ್ಲ, ಆಯಾಸವಾದವಳು ಬಿಡಬಹುದು. ಪೌಲನು ತಿಮೊಥೆಯನಿಗೆ ಬರೆದ ಮೊದಲನೆಯ ಪತ್ರವನ್ನು ನೆನಪಿಸಿ, ಅಂಗಸಾಧನೆಯು ಅಲ್ಪ ಪ್ರಯೋಜನದ್ದಲ್ಲವೇ ಎಂದು ಸಭೆಯ ಹಿರಿಯರೊಬ್ಬರು ಕೇಳಿದರು. ಅಲ್ಪವೆಂದವನು ಇಲ್ಲವೆನ್ನಲಿಲ್ಲ. ಅದೇ ಅಪೊಸ್ತಲನು ಕೊರಿಂಥದವರಿಗೆ ದೇಹವು ದೇವಾಲಯವೆಂದು ಬೋಧಿಸಿದನು. ಆಲಯದ ಕಂಬಗಳನ್ನು ಗಟ್ಟಿಯಾಗಿಡುವುದು ಭಕ್ತಿಗೆ ವಿರೋಧವೇ? 1920ರಲ್ಲಿ ಮದ್ರಾಸಿನಲ್ಲಿ ವ್ಯಾಯಾಮ ಶಿಕ್ಷಣದ ಕಾಲೇಜನ್ನು ಆರಂಭಿಸಿದ ಹ್ಯಾರಿ ಕ್ರೋ ಬಕ್ ಅವರೂ ಕ್ರೈಸ್ತ ಯುವಜನ ಸಂಘದವರೇ. ನಮ್ಮ ಬೆಂಗಳೂರಿನಲ್ಲಿ ವ್ಯಾಯಾಮಶಾಲೆಯನ್ನು ನಡೆಸಿದ ಕೆ. ವಿ. ಅಯ್ಯರ್ ಅವರೇ ‘ಶಾಂತಲಾ’ ಕಾದಂಬರಿಯನ್ನು ಬರೆದವರು. ಆದುದರಿಂದ ಮೈ ಬೆಳೆದರೆ ಬುದ್ಧಿ ಮೊಂಡಾದೀತೆಂಬ ಶಂಕೆಯೂ ಬೇಡ. ಒಲಿಂಪಿಕ್ಸಿನಲ್ಲಿ ಪದಕ ಗಳಿಸಿದ ಮೊದಲ ಭಾರತೀಯ ಮಹಿಳೆಯಾದ ಕರ್ಣಂ ಮಲ್ಲೇಶ್ವರಿಯವರು 2000ರಲ್ಲಿ ಸಿಡ್ನಿಯಲ್ಲಿ ಗೆದ್ದದ್ದು ಭಾರ ಎತ್ತುವುದರಲ್ಲಿಯೇ.

ಇನ್ನು ಗಣಿತದ ಮಾತು. ವಾರಕ್ಕೆ ಎರಡು ವೇಳೆ, ಒಂದೊಂದು 40 ನಿಮಿಷ. ವಾರದ ಉಳಿದ ಪಾಠಗಳಲ್ಲೆಲ್ಲ ಕೈಗೂಡದ ಬೀಜಗಣಿತವು ಈ 80 ನಿಮಿಷದಲ್ಲಿ ಕೈಗೂಡುವುದಾದರೆ, ಗಣಿತದ ಉಪಾಧ್ಯಾಯಿನಿಯವರನ್ನೇ ಕಾರಣ ಕೇಳಬೇಕಾದೀತು. (ಅವರು ಈ ವಾಕ್ಯವನ್ನು ಓದಿ, ಇರಲಿ ಎಂದು ಅಪ್ಪಣೆ ಕೊಟ್ಟಿರುವರು.) ಪರೀಕ್ಷೆಯ ವರ್ಷದಲ್ಲಿ ಬಾಲಿಕೆಯು ಮುಂಜಾನೆ ಮನೆಪಾಠ, ಹಗಲು ಶಾಲೆ, ಸಂಜೆ ಮತ್ತೆ ಮನೆಪಾಠವೆಂದು ಕುಳಿತೇ ಇರುವಳು. ಅವಳು ಎದ್ದು ನಿಲ್ಲುವ ಎರಡೇ ವೇಳೆಗಳನ್ನೂ ಕಸಿದುಕೊಳ್ಳಲು ನಾನು ಸಮ್ಮತಿಸಲಾರೆ. ವೇಳಾಪಟ್ಟಿಯು ಈಗಿರುವಂತೆಯೇ ಇರುವುದು. ಮೂರನೆಯ ದಿನದ ಸಾಧನೆಯು ಮನೆಯಲ್ಲಿ ನಡೆಯುವಂತೆ ತಾಯ್ತಂದೆಗಳು ನೋಡಿಕೊಂಡರೆ ಉಪಕಾರವಾಗುವುದು. ಹದಿನೈದು ನಿಮಿಷ ಸಾಕು.

ಹಳೆಯ ವಿದ್ಯಾರ್ಥಿನಿಯರಿಗೂ ಒಂದು ಮಾತು. ವಯಸ್ಕರಿಗೂ ವಾರಕ್ಕೆ ಎರಡು ದಿನವಾದರೂ ಬಲಸಾಧನೆ ಬೇಕೆಂದು ಅದೇ ಸೂಚನೆಗಳು ಹೇಳುತ್ತವೆ. ನಲವತ್ತು ದಾಟಿದ ನಿಮ್ಮಲ್ಲಿ ಎಷ್ಟು ಮಂದಿ ಕೈಯೂರದೆ ಕುರ್ಚಿಯಿಂದ ಏಳಬಲ್ಲಿರೆಂಬುದನ್ನು ಈ ಪುಟವನ್ನು ಮಡಿಸಿದ ಮೇಲೆ ಪರೀಕ್ಷಿಸಿಕೊಳ್ಳಿರಿ. ಈ ಬಾರಿಯ ಸಮ್ಮೇಳನದ ದಿನ ಇಟ್ಟಿಗೆಗಳನ್ನೂ ಹಲಗೆಯನ್ನೂ ಉತ್ತರದ ಜಗಲಿಯಲ್ಲಿ ಇರಿಸಲಾಗುವುದು, ಕಲಿಸುವುದಕ್ಕೆ ಒಂಬತ್ತನೆಯ ತರಗತಿಯ ಬಾಲಿಕೆಯರಿರುವರು. ಮಂಡಿನೋವುಳ್ಳವರು ಮುಂಚಿತವಾಗಿ ತಮ್ಮ ವೈದ್ಯರನ್ನು ಕೇಳಿಕೊಂಡು ಬರತಕ್ಕದ್ದು.