ಪಂಜರದ ಹಕ್ಕಿಯೂ ಎಚ್ಚರಿಕೆಯ ಮಾತೂ

ಊರಿನ ಗಿಣಿಯನ್ನು ಹಿಡಿದು ಸಾಕುವುದು 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯಂತೆ ಅಪರಾಧ. ಆದುದರಿಂದ ನಮ್ಮ ಜಗಲಿಗಳಲ್ಲಿ ಈಗ ಲವ್ ಬರ್ಡ್ಸ್ ಪಂಜರಗಳು ತೂಗುತ್ತಿವೆ. ಮಕ್ಕಳು ಅಕ್ಕರೆಯಿಂದ ಸಾಕುವ ಈ ಹಕ್ಕಿಗಳ ಕ್ಷೇಮದ ಕುರಿತು ಬಲ್ಲವರು ಎಚ್ಚರಿಸಿದರೆ ಬರುವ ಉತ್ತರ ಹೆಚ್ಚಾಗಿ ಒಂದೇ: "ನಮ್ಮಲ್ಲಿ ಇಷ್ಟು ವರ್ಷ ಏನೂ ಆಗಿಲ್ಲ." ಈ ಉತ್ತರ ಎಷ್ಟರಮಟ್ಟಿಗೆ ಸರಿ?

ನಾನ್‌ಸ್ಟಿಕ್ ಕಾವಲಿಯ ಸಂಗತಿಯನ್ನೇ ನೋಡೋಣ. ಬರಿಯ ಕಾವಲಿ ಒಲೆಯ ಮೇಲೆ ಉಳಿದು ಅತಿಯಾಗಿ ಕಾದರೆ ಅದರ ಲೇಪದಿಂದ ವಿಷಾನಿಲ ಹೊರಡುತ್ತದೆ. ಅಡುಗೆಮನೆಯಲ್ಲಿದ್ದವರಿಗೆ ಅದು ತಿಳಿಯದೆ ಹೋಗಬಹುದು; ಹಕ್ಕಿ ಮಾತ್ರ ನಿಮಿಷಗಳೊಳಗೆ ಸಾಯಬಹುದು. ಹಕ್ಕಿಗಳಿಗೆ ಶ್ವಾಸಕೋಶದೊಡನೆ ಗಾಳಿಚೀಲಗಳೂ ಇದ್ದು, ಶ್ವಾಸಕೋಶದಲ್ಲಿ ಗಾಳಿ ಒಂದೇ ದಿಕ್ಕಿಗೆ ಹರಿಯುವುದರಿಂದ ಆಮ್ಲಜನಕದಂತೆಯೇ ವಿಷವೂ ಬೇಗನೆ ರಕ್ತಕ್ಕೆ ಸೇರುತ್ತದೆ. ಬ್ರಿಟನ್ನಿನ ಕಲ್ಲಿದ್ದಲು ಗಣಿಗಳಲ್ಲಿ ವಿಷಾನಿಲದ ಸುಳಿವಿಗಾಗಿ ಕ್ಯಾನರಿ ಹಕ್ಕಿಗಳನ್ನು ಇರಿಸಿಕೊಳ್ಳುತ್ತಿದ್ದುದು ಇದೇ ಕಾರಣಕ್ಕೆ. ಅವುಗಳ ಬದಲಿಗೆ ಯಂತ್ರಗಳನ್ನು ತರುವ ತೀರ್ಮಾನವಾದುದು 1986ರಲ್ಲಿ. ಹೀಗಿರುವಾಗ "ಏನೂ ಆಗಿಲ್ಲ" ಎಂದರೆ ಕಾವಲಿ ಇದುವರೆಗೆ ಅಷ್ಟು ಕಾದಿಲ್ಲ ಎಂದಷ್ಟೇ ಅರ್ಥ.

ಹಾಗೆಂದು ಕಿವಿಗೆ ಬಿದ್ದ ಎಚ್ಚರಿಕೆಯನ್ನೆಲ್ಲ ಊರಿಗೆ ಸಾರುವುದೂ ತರವಲ್ಲ. "ತೋಳ ಬಂತು ತೋಳ" ಎಂದು ಸುಮ್ಮಸುಮ್ಮನೆ ಕೂಗಿದವನ ಕಥೆ ಯಾರಿಗೆ ಗೊತ್ತಿಲ್ಲ? ಅಪಾಯ ಯಾವುದರಿಂದ, ಅದು ಹೇಗೆ ಕೆಡುಕು ಮಾಡುತ್ತದೆ, ನಾವು ಮಾಡಬೇಕಾದುದೇನು ಎಂಬ ಮೂರು ಪ್ರಶ್ನೆಗಳಿಗೆ ಉತ್ತರವಿದ್ದರೆ ಮಾತ್ರ ಎಚ್ಚರಿಕೆಗೆ ಬೆಲೆ. ಬೆಣ್ಣೆಹಣ್ಣಿನಲ್ಲಿರುವ ಒಂದು ಅಂಶ ಹಕ್ಕಿಯ ಹೃದಯವನ್ನು ಕೆಡಿಸುತ್ತದೆ, ಅದನ್ನು ತಿನ್ನಿಸಬೇಡಿ. ಪಂಜರದ ಬಾಗಿಲು ತೆರೆಯುವ ಮುನ್ನ ಫ್ಯಾನು ನಿಲ್ಲಿಸಿ. ಇವು ಪರೀಕ್ಷೆಗೆ ನಿಲ್ಲುವ ಮಾತುಗಳು. ಹೇಳುವ ರೀತಿಯೂ ಮುಖ್ಯ. ಹಕ್ಕಿ ಸತ್ತು ಅಳುತ್ತಿರುವ ಮಗುವಿನೆದುರು ತಪ್ಪೆಣಿಸುವುದು ಎಚ್ಚರಿಕೆಯಲ್ಲ, ಚುಚ್ಚುಮಾತು.

ಇನ್ನು ಭಾಷೆಯ ಪ್ರಶ್ನೆ. 2014ರಲ್ಲೂ 2021ರಲ್ಲೂ ಆಲಪ್ಪುಳ, ಕೋಟ್ಟಯಂ ಜಿಲ್ಲೆಗಳಲ್ಲಿ ಹಕ್ಕಿಜ್ವರ ಕಾಣಿಸಿಕೊಂಡಿತ್ತು. ಅಂತಹ ರೋಗ ನಮ್ಮ ಕಡೆಗೂ ಬಂದರೆ, ಮಲಯಾಳದಲ್ಲಿ ಮಾತ್ರ ಹೊರಟ ಪ್ರಕಟಣೆ ಕನ್ನಡವನ್ನಷ್ಟೇ ಓದಬಲ್ಲ ಅಜ್ಜಿಯ ಪಾಲಿಗೆ ಹೊರಡದಿದ್ದಂತೆಯೇ ಸರಿ. ಕೋಳಿಗೂಡನ್ನೂ ಪಂಜರವನ್ನೂ ನೋಡಿಕೊಳ್ಳುವವರು ಅವರೇ ಅಲ್ಲವೇ? ಕನ್ನಡ ಅಲ್ಪಸಂಖ್ಯಾತ ಪ್ರದೇಶದ ಕಚೇರಿಗಳಿಗೆ ಕನ್ನಡದಲ್ಲಿ ಬರೆದು ಕನ್ನಡದಲ್ಲೇ ಉತ್ತರ ಪಡೆಯುವ ಹಕ್ಕನ್ನು ಕೇರಳದ 1969ರ ಅಧಿಕೃತ ಭಾಷಾ ಕಾಯಿದೆ ನಮಗೆ ಕೊಟ್ಟಿದೆ. ರೋಗದ ಮುನ್ಸೂಚನೆಗಳನ್ನು ಕನ್ನಡದಲ್ಲೂ ಹೊರಡಿಸಿರೆಂದು ಪ್ರತಿಯೊಂದು ಪಂಚಾಯತಿನ ಕನ್ನಡಿಗರೂ ಈಗಲೇ ಬರೆದು ಕೇಳಬೇಕು. ಊರು ಕೊಳ್ಳೆ ಹೋದ ಮೇಲೆ ಕೋಟೆ ಬಾಗಿಲು ಹಾಕಿ ಪ್ರಯೋಜನವಿಲ್ಲ.