ವರ್ಷನ್ ನಂಬರಿನ ಹೊಣೆ

ಮಧುಗಿರಿ ತಾಲ್ಲೂಕಿನ ಹೋಬಳಿ ಕೇಂದ್ರ ಐ.ಡಿ.ಹಳ್ಳಿಯಂಥ ಊರಿನಲ್ಲಿ ಅರ್ಜಿ ಟೈಪ್ ಮಾಡಿ ಪ್ರಿಂಟ್ ಕೊಡುವ ಅಂಗಡಿಯವರಿಗೆ ‘ಅಪ್‌ಡೇಟ್’ ಅಂದರೆ ಖುಷಿಗಿಂತ ಅಳುಕೇ ಹೆಚ್ಚು. ನಿನ್ನೆ ನಡೆದ ಸಾಫ್ಟ್‌ವೇರ್ ಇವತ್ತೂ ನಡೆದರೆ ಅವರಿಗೆ ಸಾಕು. ಕೆಟ್ಟರೆ ಸರಿಮಾಡುವವರು ಮಧುಗಿರಿಯಿಂದಲೋ ತುಮಕೂರಿನಿಂದಲೋ ಬರಬೇಕು. ಅಲ್ಲಿಯವರೆಗೆ ಗಿರಾಕಿ ಕಾಯುವುದಿಲ್ಲ. ಪೇಟೆಯ ತಂತ್ರಜ್ಞರು ಇಂಥವರನ್ನು ಹಳೇಕಾಲದವರೆಂದು ನಗುವುದುಂಟು. ನನಗೆ ಈ ಅಳುಕು ನ್ಯಾಯವಾದದ್ದೆಂದೇ ಕಾಣುತ್ತದೆ. ಹೊಸ ವರ್ಷನ್ ಏನನ್ನು ಬದಲಿಸುತ್ತದೆ, ಏನನ್ನು ಮುಟ್ಟುವುದಿಲ್ಲ ಎಂದು ಹೇಳಬೇಕಾದ ನಂಬರು ಆ ಕೆಲಸವನ್ನೇ ಮರೆತಿರುವಾಗ ಬಳಸುವವರು ನಂಬುವುದಾದರೂ ಹೇಗೆ?

ನಂಬರಿಗೊಂದು ಅರ್ಥ ಇರಬೇಕೆಂಬ ನಿಯಮ ಇಲ್ಲವೆಂದಲ್ಲ. ‘ಸೆಮ್ಯಾಂಟಿಕ್ ವರ್ಷನಿಂಗ್’ ಎಂಬ ಪದ್ಧತಿಯಲ್ಲಿ ಮೂರು ಅಂಕಿಗಳಿರುತ್ತವೆ. ಮೂರನೆಯದು ಏರಿದರೆ ದೋಷ ತಿದ್ದಿದ್ದಾರೆ, ಎರಡನೆಯದು ಏರಿದರೆ ಹೊಸ ಸೌಲಭ್ಯ ಸೇರಿದೆ, ಮೊದಲನೆಯದು ಏರಿದರೆ ಹಳೆಯದರ ಜೊತೆಗಿನ ಹೊಂದಾಣಿಕೆ ತಪ್ಪಿದೆ. ಮಾರುಕಟ್ಟೆಯ ಲೆಕ್ಕವೇ ಬೇರೆ. ವಿಂಡೋಸ್ 8ರ ಸಾಲು ಮುಗಿದ ಮೇಲೆ 2015ರಲ್ಲಿ ಬಂದದ್ದು 9 ಅಲ್ಲ, 10. ವಿಂಡೋಸ್ 7ರ ಒಳಗಿನ ನಂಬರು 6.1. ಮೊದಲ ಅಂಕಿ ಬದಲಾದರೆ ಹಳೆಯ ಪ್ರೋಗ್ರಾಂಗಳು ಓಡಲು ನಿರಾಕರಿಸುತ್ತವೆಂದು ಮೈಕ್ರೋಸಾಫ್ಟ್ ಅದನ್ನು 6ರಲ್ಲೇ ಉಳಿಸಿಕೊಂಡಿತು. ಪೆಟ್ಟಿಗೆಯ ಮೇಲೊಂದು ನಂಬರು, ಒಳಗೊಂದು ನಂಬರು.

ಇನ್‌ಸ್ಟಾಲರ್‌ಗೆ ಜಾಹೀರಾತು ಅರ್ಥವಾಗುವುದಿಲ್ಲ. ವಿಂಡೋಸ್ ಇನ್‌ಸ್ಟಾಲರ್ ಹೊಸದು ಯಾವುದು, ಹಳೆಯದು ಯಾವುದು ಎಂದು ಹೋಲಿಸುವಾಗ ಮೊದಲ ಮೂರು ಅಂಕಿಗಳನ್ನಷ್ಟೇ ನೋಡುತ್ತದೆ. ನಾಲ್ಕನೆಯದನ್ನು ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ. 4.0.0.1 ಇದ್ದ ಕಡೆ 4.0.0.2 ಕಳಿಸಿದರೆ ಅದಕ್ಕೆ ಎರಡೂ ಒಂದೇ. ತಯಾರಿಸಿದವರು ಎಚ್ಚರ ತಪ್ಪಿದರೆ ಕಂಟ್ರೋಲ್ ಪ್ಯಾನೆಲ್‌ನಲ್ಲಿ ಒಂದೇ ಸಾಫ್ಟ್‌ವೇರ್ ಎರಡು ಬಾರಿ ಕೂತಿರುತ್ತದೆ. ನಂಬರನ್ನು ಅಕ್ಷರಗಳಂತೆ ಹೋಲಿಸುವ ಪ್ರೋಗ್ರಾಂ ಇನ್ನೂ ಮುಂದೆ ಹೋಗಿ 4.10ಕ್ಕಿಂತ 4.9 ದೊಡ್ಡದೆನ್ನುತ್ತದೆ, ಹಳೆಯದನ್ನೇ ಹೊಸದೆಂದು ಹಾಕಿಬಿಡುತ್ತದೆ.

ಕನ್ನಡದವರಿಗೆ ಅಪ್‌ಡೇಟಿನ ಈ ತೊಂದರೆ ಅಕ್ಷರದ ಮಟ್ಟದಲ್ಲೇ ತಟ್ಟಿದ ವಿಷಯ. ಕನ್ನಡ ಟೈಪಿಂಗಿನ ‘ನುಡಿ’, ‘ಬರಹ’ ಸಾಫ್ಟ್‌ವೇರ್‌ಗಳ ಹಳೆಯ ಫಾಂಟ್‌ಗಳಲ್ಲಿ ಕನ್ನಡ ಕನ್ನಡವಾಗಿ ಉಳಿಯುತ್ತಿರಲಿಲ್ಲ, ಇಂಗ್ಲಿಷ್ ಅಕ್ಷರ, ಚಿಹ್ನೆಗಳ ಜಾಗದಲ್ಲಿ ಕನ್ನಡದ ಚಿತ್ರ ಕೂರುತ್ತಿತ್ತು. ಆ ಫಾಂಟ್ ಇಲ್ಲದ ಯಂತ್ರದಲ್ಲಿ ಅಂಥ ಫೈಲು ತೆರೆದರೆ ‘ಕನ್ನಡ’ ಎಂಬ ಪದದ ಬದಲು ಒಂದು ‘ಪಿ’, ತಲೆಯ ಮೇಲೆ ಗೀಟು ಹೊತ್ತ ‘ಎ’, ಪೌಂಡಿನ ಗುರುತು, ‘ಕ್ಯೂ’ ಮುಂತಾದವು ಕಾಣಿಸುತ್ತವೆ. ಎಲ್ಲ ಭಾಷೆಗಳ ಅಕ್ಷರಗಳಿಗೂ ಬೇರೆ ಬೇರೆ ಸಂಕೇತ ಕೊಡುವ ಯುನಿಕೋಡ್‌ನ ಮೊದಲ ಆವೃತ್ತಿ ಬಂದ 1991ರಿಂದಲೇ ಕನ್ನಡಕ್ಕೆ ಅದರಲ್ಲಿ ಸ್ವಂತ ಜಾಗವಿದೆ. 2001ರ ವಿಂಡೋಸ್ ಎಕ್ಸ್‌ಪಿ ಕನ್ನಡ ಯುನಿಕೋಡನ್ನು ತೋರಿಸಬಲ್ಲದಾಗಿತ್ತು. ಅತ್ತ ದಾಟಲೇಬೇಕಿತ್ತು, ಸರಿ. ಆದರೆ ಹಳೆಯ ಪದ್ಧತಿಯಿಂದ ಯುನಿಕೋಡ್‌ಗೆ ದಾಟುವುದೆಂದರೆ ಒಂದು ಅಂಕಿ ಏರಿಸಿದಷ್ಟು ಸಣ್ಣ ಕೆಲಸವಲ್ಲ. ಅಂಗಡಿಯಲ್ಲಿ ವರ್ಷಗಟ್ಟಲೆ ಕೂಡಿಬಿದ್ದ ಕರಾರು ಪತ್ರ, ಲಗ್ನಪತ್ರಿಕೆಗಳನ್ನೆಲ್ಲ ಕನ್ವರ್ಟರ್‌ಗೆ ಹಾಕಿ, ಒತ್ತಕ್ಷರ ತಪ್ಪಿದೆಯೇ ಎಂದು ಕಣ್ಣಾಡಿಸಬೇಕು. ಇಂಥ ಬದಲಾವಣೆಯನ್ನು ನೆಕ್ಸ್ಟ್, ನೆಕ್ಸ್ಟ್ ಒತ್ತಿಸಿ ಮುಗಿಸುವ ಇನ್‌ಸ್ಟಾಲರ್ ಅರ್ಧ ಸತ್ಯವನ್ನಷ್ಟೇ ಹೇಳಿದಂತೆ.

ಹಾಗಾದರೆ ಹಳೆಯದಕ್ಕೇ ಅಂಟಿಕೊಳ್ಳೋಣವೇ? ಅದೂ ಅಪಾಯ. 2017ರ ಮೇ ತಿಂಗಳಲ್ಲಿ ಫೈಲುಗಳಿಗೆ ಬೀಗ ಹಾಕಿ ಹಣ ಕೇಳುವ ‘ವಾನ್ನಾಕ್ರೈ’ ವೈರಸ್ಸಿನ ಹಾವಳಿ ಎದ್ದಾಗ ಅದನ್ನು ತಡೆಯುವ ತಿದ್ದುಪಡಿ ಮಾರ್ಚ್‌ನಲ್ಲೇ ಬಂದಿತ್ತು. ಹಾಕಿಕೊಳ್ಳದ ಯಂತ್ರಗಳು ಸಿಕ್ಕಿಬಿದ್ದವು. ಹಾಗೆಂದು ಎಲ್ಲವೂ ಕೇಳದೆ ತಾನಾಗೇ ಬರಲಿ ಎನ್ನುವವರಿಗೆ 2024ರ ಜುಲೈ 19 ಉತ್ತರ ಕೊಟ್ಟಿತು. ಕಂಪ್ಯೂಟರ್ ಭದ್ರತೆಯ ಕಂಪನಿ ಕ್ರೌಡ್‌ಸ್ಟ್ರೈಕ್ ಕಳಿಸಿದ ಒಂದು ಫೈಲಿನಿಂದ ಸುಮಾರು 85 ಲಕ್ಷ ವಿಂಡೋಸ್ ಯಂತ್ರಗಳು ಕೆಟ್ಟು ನಿಂತವು. ಒಂದು ವರ್ಷನ್ ಹಿಂದೆಯೇ ಇರುತ್ತೇವೆಂದು ಜಾಗ್ರತೆ ವಹಿಸಿದ್ದವರೂ ಪಾರಾಗಲಿಲ್ಲ, ಏಕೆಂದರೆ ಆ ಫೈಲು ವರ್ಷನ್ ಆಯ್ಕೆಯ ಲೆಕ್ಕಕ್ಕೇ ಬರುತ್ತಿರಲಿಲ್ಲ. ರಕ್ಷಣೆಯ ತಿದ್ದುಪಡಿ ಬೇಗ ಬರಬೇಕು, ಕೆಲಸದ ರೀತಿ ಬದಲಿಸುವುದು ಕೇಳಿಕೊಂಡು ಬರಬೇಕು. ಎರಡನ್ನೂ ಒಂದೇ ಮೂಟೆ ಕಟ್ಟಿದಾಗಲೇ ಜನ ಎರಡನ್ನೂ ದೂರವಿಡುವುದು.

ಹೀಗೆ ತಿಳಿಸಿ ಬದಲಿಸುವ ಕ್ರಮ ನಮಗೆ ಹೊಸದಲ್ಲ. ಜಮೀನಿನ ಪಹಣಿಯಲ್ಲಿ ಹೆಸರು ಬದಲಾಗಬೇಕಾದರೆ ನೋಟಿಸ್ ಹೊರಡಬೇಕು, ತಕರಾರಿಗೆ ಅವಕಾಶವಿರಬೇಕು, ಆಮೇಲೆ ಹೆಸರಿನ ಜೊತೆ ಎಂ.ಆರ್. (ಮ್ಯುಟೇಷನ್ ರಿಜಿಸ್ಟರ್) ನಂಬರು ಕೂರುತ್ತದೆ. ಆ ನಂಬರು ಹಿಡಿದು ಹೊರಟರೆ ಏನು, ಯಾವಾಗ, ಯಾವ ಆಧಾರದ ಮೇಲೆ ಬದಲಾಯಿತೆಂದು ತಿಳಿಯುತ್ತದೆ. ಸಾಫ್ಟ್‌ವೇರ್‌ನ ವರ್ಷನ್ ನಂಬರೂ ಇಷ್ಟು ಹೊಣೆ ಹೊರಲಿ. ಸರ್ಕಾರ ದುಡ್ಡು ಕೊಟ್ಟು ಮಾಡಿಸುವ ಸಾಫ್ಟ್‌ವೇರ್‌ಗಾದರೂ ಟೆಂಡರಿನಲ್ಲೇ ನಾಲ್ಕು ಷರತ್ತು ಹಾಕಬಹುದು: ಅಂಕಿ ಏರಿಸುವ ನಿಯಮ ಮೊದಲೇ ಬರೆದಿರಬೇಕು, ಏನು ಬದಲಾಯಿತೆಂದು ಕನ್ನಡದಲ್ಲಿ ತಿಳಿಸಬೇಕು, ಹಳೆಯ ಫೈಲು ತೆರೆಯಬೇಕು, ನಡುವೆ ಕರೆಂಟ್ ಹೋದರೆ ಯಂತ್ರ ಹಿಂದಿನ ಸ್ಥಿತಿಗೆ ಮರಳಬೇಕು. ಇವು ಬೆಂಗಳೂರಿನ ಕಚೇರಿಗೆ ಅನುಕೂಲವಾದರೆ, ಐ.ಡಿ.ಹಳ್ಳಿಯ ಅಂಗಡಿಗೆ ಅಂದಿನ ದುಡಿಮೆ.