ಆರೋಗ್ಯ ಚಿಂತನ: ಹರಿದ ರಕ್ತ ಮರಳಿ ಮೈಗೆ

ಮನೆಯ ಹಿರಿಯರಿಗೆ ಮೊಣಕಾಲು ಕೀಲಿನ ಶಸ್ತ್ರಚಿಕಿತ್ಸೆ ಎಂದೊಡನೆ ಹೊಸಪೇಟೆ, ಹಂಪಿ, ಸಂಡೂರು, ಕಂಪ್ಲಿ ಸೀಮೆಯ ಬಂಧುಗಳನ್ನು ಮೊದಲು ಕಾಡುವುದು ರಕ್ತದ ಚಿಂತೆ. ರೋಗಿಯ ಗಾಯದಿಂದ ಹೊರಬಂದ ರಕ್ತವನ್ನೇ ಮರಳಿ ಕೊಡಲಾಗದೇ ಎಂಬ ಪ್ರಶ್ನೆ ಸಹಜವಾದುದು.

ಅದು ಸಾಧ್ಯ. ಗಾಯದಲ್ಲಿರಿಸಿದ ನಳಿಕೆಯಿಂದ ಒಸರುವ ರಕ್ತವನ್ನು ಶುದ್ಧ ಚೀಲದಲ್ಲಿ ಸಂಗ್ರಹಿಸಿ, ಸೋಸಿ, 6 ಗಂಟೆಗಳೊಳಗೆ ರಕ್ತನಾಳಕ್ಕೆ ಹರಿಸುತ್ತಾರೆ. ಸ್ವಂತ ರಕ್ತವಾದುದರಿಂದ ಗುಂಪು ಹೊಂದದೆಂಬ ಭಯವಿಲ್ಲ. ಅನ್ಯರ ಸೋಂಕು ತಗುಲದು. ಅದರ ಕೆಂಪು ಕಣಗಳು ಅಂಗಾಂಶಗಳಿಗೆ ಆಮ್ಲಜನಕವನ್ನು ಸಲೀಸಾಗಿ ಬಿಟ್ಟುಕೊಡುತ್ತವೆ. ವಾರಗಟ್ಟಲೆ ತಂಪಿನಲ್ಲಿಟ್ಟ ರಕ್ತಕ್ಕೆ ಈ ಗುಣ ಮರಳಲು ಕೆಲವು ಗಂಟೆಗಳೇ ಬೇಕು.

ಆದರೆ ಗಾಯದಿಂದ ಒಸರಿದ ರಕ್ತವು ನಾಳದ ರಕ್ತದಂತಲ್ಲ. ಅದು ತೆಳು; ಹೆಪ್ಪುಗಟ್ಟಿಸುವ ಫೈಬ್ರಿನೋಜನ್ ಅದರಲ್ಲಿ ಇಲ್ಲವೆಂಬಷ್ಟು ಕಡಿಮೆ. ಒಡೆದ ಕಣಗಳ ಹಿಮೋಗ್ಲೋಬಿನ್, ಕೊಬ್ಬಿನ ಹನಿ, ಉರಿಯೂತದ ದ್ರವ್ಯಗಳೂ ಅದರಲ್ಲಿ ಬೆರೆತಿರುತ್ತವೆ. ಅಲ್ಪ ಪ್ರಮಾಣವನ್ನು ದೇಹ ತಾಳಿಕೊಳ್ಳುತ್ತದೆ. ಕೆಲವರಿಗೆ ಚಳಿಜ್ವರ ಬರಬಹುದು. ಮಿತಿಮೀರಿದರೆ ಮೂತ್ರಪಿಂಡಗಳಿಗೆ ಹೊರೆ, ರಕ್ತ ಹೆಪ್ಪುಗಟ್ಟುವುದಕ್ಕೆ ತೊಡಕು. ಸೋಂಕು ತಗುಲಿದ ಗಾಯದ ರಕ್ತವನ್ನಂತೂ ಹೀಗೆ ಕೊಡಲಾಗದು.

ರಕ್ತಸ್ರಾವ ತಗ್ಗಿಸುವ ಟ್ರಾನೆಕ್ಸಾಮಿಕ್ ಆಮ್ಲ ಬಳಕೆಗೆ ಬಂದ ಮೇಲೆ ಕೀಲಿನ ಚಿಕಿತ್ಸೆಯಲ್ಲಿ ಈ ಕ್ರಮದ ಅಗತ್ಯವೇ ಕುಗ್ಗಿದೆ. ಆದ್ದರಿಂದ 1961ರಲ್ಲಿ ಆರಂಭವಾದ ಬಳ್ಳಾರಿಯ ಸರ್ಕಾರಿ ವೈದ್ಯಕೀಯ ಕಾಲೇಜಿನ ಆಸ್ಪತ್ರೆಗಾಗಲಿ, ಬೇರೆಡೆಗಾಗಲಿ ಹೊರಡುವ ಕೆಲವು ವಾರಗಳ ಮೊದಲೇ ಹಿರಿಯರ ಹಿಮೋಗ್ಲೋಬಿನ್ ಪರೀಕ್ಷೆ ಮಾಡಿಸಿರಿ. ರಕ್ತಹೀನತೆ ಕಂಡರೆ ಅದಕ್ಕೆ ಮೊದಲು ಚಿಕಿತ್ಸೆ ಕೊಡಿಸಿರಿ. ಚೆಲ್ಲಿ ಮರಳಿ ಪಡೆದ ರಕ್ತಕ್ಕಿಂತ ಚೆಲ್ಲದೆ ಮೈಯಲ್ಲೇ ಉಳಿದ ರಕ್ತ ಮೇಲು.